ಹೆಣಿಗೆಯಲ್ಲೊಂದು ಮೂರನೆಯ ಕೈ

ಬೂದಿ ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಬಿಟ್ಟಿದ್ದ ಸಾರ್ಜೆಂಟ್ ಫಿಂಟನ್ ಲವೆಲ್‌ನ ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಇದ್ದಿಲಲ್ಲ. ಇದ್ದಿಲಾಗಿದ್ದರೆ ಹಿಡಿದ ಕೂಡಲೇ ಪುಡಿಯಾಗಬೇಕಿತ್ತು.

"ಏನ್ ಸಾರ್ಜೆಂಟರೇ, ರಿಟೈರಾದ್ಮೇಲೆ ಒಲೆ ಗುಡಿಸೋ ಕೆಲಸ ಹಿಡೀತೀರಾ?"

ಶೆಡ್ಡಿನ ಬಾಗಿಲಲ್ಲಿ ಟೈಗ್ ಮ್ಯಾನಿಯನ್ ನಿಂತಿದ್ದ. ಕಿಲ್‌ಬ್ರೋನದ ಪೇಟೆಬೀದಿಯಲ್ಲಿ ಉಡುಗೊರೆ ಅಂಗಡಿ ಇಟ್ಟವನು. ಕಾರ್ಮಕ್ ಕೊನೀಲಿ ಕೆತ್ತಿದ ಪೆನ್ ಸ್ಟ್ಯಾಂಡು, ಪೇಪರ್‌ವೇಟು, ಲಕೋಟೆ ಬಿಡಿಸುವ ಚೂರಿಗಳನ್ನು ಇಪ್ಪತ್ತು ವರ್ಷದಿಂದ ಮಾರುತ್ತ ಬಂದವನು. ನಾಡಹಬ್ಬವಾದ ಪ್ಯಾಟ್ರಿಕ್ ಸಂತರ ಹಬ್ಬಕ್ಕೆ ಹತ್ತೇ ದಿನ ಉಳಿದಿತ್ತು. ಹಬ್ಬಕ್ಕೆಂದು ದೇಶದೇಶಕ್ಕೆ ಹೊರಡುವ ಮಂತ್ರಿಗಳು ಅಲ್ಲಿನ ದೊಡ್ಡವರ ಮೇಜಿನ ಮೇಲಿಡಲು ಇವನ್ನೇ ಒಯ್ಯುವುದು. ಸತ್ತವನ ಶೆಡ್ಡಿನಲ್ಲಿ ಉಳಿದದ್ದನ್ನು ತುಂಬಿಕೊಂಡು ಹೋಗಲು ಟೈಗ್ ಎರಡು ರಟ್ಟಿನ ಪೆಟ್ಟಿಗೆ ಹಿಡಿದು ಬಂದಿದ್ದ.

ಫಿಂಟನ್ ಬೂದಿಯಿಂದ ತೆಗೆದದ್ದನ್ನು ಕರವಸ್ತ್ರದಿಂದ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದ.

ಅಂಗೈಯಗಲದ ಮರದ ತುಂಡು. ಒಂದು ಅಂಚು ಪೂರ್ತಿ ಸುಟ್ಟಿತ್ತು. ನಡುವೆ ಎರಡು ಕೈಗಳು ಹಿಡಿದ ಹೃದಯ, ಆ ಸೀಮೆಯ ಹಳೆಯ ಪ್ರೀತಿಯ ಗುರುತು. ಮೇಲಿರಬೇಕಾದ ಕಿರೀಟವನ್ನು ಬೆಂಕಿ ತಿಂದಿತ್ತು. ಸುತ್ತ ಹಗ್ಗದಂತೆ ಹೆಣೆದುಕೊಂಡು ಹೋಗುವ ಗೆರೆ. ಮರ ಮಾತ್ರ ಕರಿ ಓಕ್, ಅದರಲ್ಲಿ ಅನುಮಾನವೇ ಇರಲಿಲ್ಲ.



ಕಾನಮಾರಾ ಸೀಮೆಯಲ್ಲಿ ಕರಿ ಓಕನ್ನು ಯಾರೂ ಸುಡುವುದಿಲ್ಲ. ಸಾವಿರಾರು ವರ್ಷ ಜೌಗಿನಡಿಯಲ್ಲಿ ಮಲಗಿದ್ದ ಮರ ಅದು. ಮೇಲೆತ್ತಿದ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿ, ನೆರಳಲ್ಲಿ ನಾಲ್ಕೈದು ವರ್ಷ ಕಾಯಬೇಕು. ಅವಸರ ಮಾಡಿದರೆ ಸೀಳಿಹೋಗುತ್ತದೆ. ಕಾರ್ಮಕ್ ಅಂತೂ ಕೆತ್ತುವಾಗ ಉದುರಿದ ಪುಡಿಯನ್ನೂ ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಕೈಕೊಟ್ಟ ತುಂಡಿದ್ದರೆ ಅದನ್ನೇ ಚಿಕ್ಕದು ಮಾಡಿ ಇನ್ನೊಂದಕ್ಕೆ ಬಳಸುತ್ತಿದ್ದ. ಅಂಥವನ ಒಲೆಯಲ್ಲಿ ಕೆತ್ತಿದ ಓಕು ಬೆಂದಿದೆ ಎಂದರೆ ಹಾಕಿದ್ದು ಅವನ ಕೈಯಲ್ಲ.

ಕಾರ್ಮಕ್ ಸತ್ತು ಮೂರು ವಾರವಾಗಿತ್ತು. ಪೆನ್ ಸ್ಟ್ಯಾಂಡಿನ ಅಡಿಗೆ ಹಸಿರು ಅಮೃತಶಿಲೆಯ ತುಂಡು ಆರಿಸಲು ಹಳೆಯ ಕಲ್ಲು ಕ್ವಾರಿಗೆ ಹೋದವನು, ಅಲ್ಲಿ ನಿಂತ ನೀರಿನಲ್ಲಿ ಹೆಣವಾಗಿ ಸಿಕ್ಕಿದ್ದ.

ಜಾರಿದ ಎಂದು ಡಾಕ್ಟರು ಹೇಳಿದರು. ತಾನಾಗಿಯೇ ಇಳಿದ ಎಂದು ಊರು ಕಿವಿಯಿಂದ ಕಿವಿಗೆ ಹೇಳಿತು. ಮಣ್ಣು ಮಾಡಿದ ದಿನ ಅವನ ಹೆಂಡತಿ ನೋರೀನ್ ಫಿಂಟನ್‌ನ ಕೋಟಿನ ತೋಳು ಹಿಡಿದು ಕೇಳಿದ್ದಳು: "ಜಾರಿದನೋ, ನನ್ನ ಬಿಟ್ಟು ಹೋದನೋ? ಅದೊಂದು ಹೇಳು, ಸಾಕು." ಸೋಮವಾರ ಅವನು ವರದಿ ಬರೆದು ಕಳಿಸಬೇಕು. ಅಲ್ಲಿ ಏನು ಬರೆಯುತ್ತಾನೋ ಅದೇ ಅವಳ ಉಳಿದ ಬದುಕು.

"ಟೈಗ್, ಇಲ್ಲಿ ಬಾ. ಇದನ್ನ ನೋಡು."

ಟೈಗ್ ಬಂದ. ನೋಡಿದ. ಅವನ ಮುಖದಲ್ಲಿದ್ದ ತಮಾಷೆ ಇಳಿದುಹೋಯಿತು.

"ಸುಟ್ಟಿದೆ," ಅಂದ.

"ಸುಟ್ಟಿದೆ ಅಂತ ನನಗೂ ಕಾಣುತ್ತೆ. ಕೆತ್ತನೆ ನೋಡು ಅಂದೆ."

ಫಿಂಟನ್ ಕಪಾಟಿನಿಂದ ಅದೇ ನಮೂನೆಯ ಹೊಸ ಪೇಪರ್‌ವೇಟೊಂದನ್ನು ತೆಗೆದು ಪಕ್ಕದಲ್ಲಿಟ್ಟ. ಹೊಸದರಲ್ಲಿ ಉಳಿಯ ಗೆರೆ ಬೆಣ್ಣೆಯಲ್ಲಿ ಎಳೆದಷ್ಟು ನುಣುಪು. ಸುಟ್ಟದ್ದರಲ್ಲಿ ಗೆರೆ ಹೆಜ್ಜೆಹೆಜ್ಜೆಗೂ ಹಾರಿತ್ತು, ಅಂಚು ಕಿತ್ತುಹೋಗಿತ್ತು, ಹೃದಯದ ಮೇಲೊಂದು ಗಾಯ ಬಿದ್ದಿತ್ತು.

ಆದರೆ ಫಿಂಟನ್ ನೋಡುತ್ತಿದ್ದದ್ದು ಹೆಣಿಗೆಯನ್ನು. ಹದಿನಾಲ್ಕರ ಹುಡುಗರಾಗಿದ್ದಾಗ ಶಾಲೆಯ ಬೆಂಚಿನ ಮೇಲೆ ಕಾರ್ಮಕ್ ಅವನ ಬೆರಳು ಹಿಡಿದು ಕಲಿಸಿದ್ದು ಒಂದೇ ಪಾಠ. ಗೆರೆ ಒಂದು ಸಲ ಮೇಲೆ ಹೋದರೆ ಮುಂದಿನ ಸಲ ಕೆಳಗೆ ಹೋಗಲೇಬೇಕು. ಮೇಲೆ, ಕೆಳಗೆ, ಮೇಲೆ, ಕೆಳಗೆ. ಎರಡು ಸಲ ಸಾಲಾಗಿ ಮೇಲೆ ಹೋಯಿತೋ, ಹೆಣಿಗೆ ಬಿಚ್ಚಿಹೋಯಿತು, ತುಂಡು ಕೆಟ್ಟಿತು.

ಸುಟ್ಟ ತುಂಡಿನ ಮೇಲೆ ಅವನು ಬೆರಳಾಡಿಸಿದ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಬೆಂಕಿ ಮುಟ್ಟಿದ ಜಾಗದವರೆಗೂ ಒಂದೂ ತಪ್ಪಿರಲಿಲ್ಲ.

"ಕೈ ನಡುಗಿದೆ. ತಲೆ ತಪ್ಪಿಲ್ಲ. ಇದು ಕಾರ್ಮಕ್‌ದು," ಅಂದ ಫಿಂಟನ್. "ಹಾಗಾದ್ರೆ ಈ ನುಣುಪಾಗಿರೋದು ಯಾರದ್ದು?"

"ಅಡಿಯಲ್ಲಿ ಹೆಸರು ಒತ್ತಿದೆಯಲ್ಲ, ಓದ್ಕೊಳ್ಳಿ."

"ಹೆಸರು ಒತ್ತೋಕೆ ಕಾದ ಕಬ್ಬಿಣ ಇದ್ರೆ ಸಾಕು. ನೀನೂ ಒತ್ತಬಹುದು, ನಾನೂ ಒತ್ತಬಹುದು."

"ಸಾರ್ಜೆಂಟರೇ, ನನಗೆ ಪೆಟ್ಟಿಗೆ ತುಂಬೋದಿದೆ."

"ಪೆಟ್ಟಿಗೆ ಕೆಳಗಿಡು." ಫಿಂಟನ್ ದನಿ ಏರಿಸಲಿಲ್ಲ. ಅವನು ದನಿ ಏರಿಸದೇ ಇದ್ದಾಗಲೇ ಊರು ಹೆದರುತ್ತಿದ್ದುದು. "ಫೆಬ್ರವರಿ ಮೊದಲನೇ ಶನಿವಾರ ನಿನ್ನ ಅಂಗಡಿ ಮುಂದೆ ನೀವಿಬ್ಬರೂ ಕೂಗಾಡಿದ್ರಿ. ಬೀದಿಯವರೆಲ್ಲ ಕೇಳಿದ್ದಾರೆ. ಕಲ್ಲು ಬರೋದು ತಡವಾಯ್ತು, ಅದಕ್ಕೆ ಜಗಳ ಅಂತ ನೀನು ಬರೆಸಿದೀಯ. ಅವನು ಸತ್ತಿದ್ದು ಅದಾಗಿ ಹನ್ನೊಂದನೇ ದಿನಕ್ಕೆ. ಇನ್ನೂ ಕಲ್ಲಿನ ಕತೆನೇ ಹೇಳ್ತೀಯಾ?"

ಟೈಗ್ ಕಿಟಕಿಯಾಚೆ ಮನೆಯ ಕಡೆ ನೋಡಿದ. ಅಡುಗೆಮನೆಯಲ್ಲಿ ನೋರೀನ್ ಓಡಾಡುವುದು ಕಾಣುತ್ತಿತ್ತು.

"ನನ್ನನ್ನ ಕೊಲೆಗಾರ ಅಂತೀರಾ?"

"ಸುಳ್ಳುಗಾರ ಅಂತೀನಿ. ಮುಂದಿನದು ನೀನು ಹೇಳೋದರ ಮೇಲಿದೆ."

ಟೈಗ್ ಪೆಟ್ಟಿಗೆಯ ಮೇಲೆಯೇ ಕುಸಿದು ಕುಳಿತ. ರಟ್ಟು ಜಜ್ಜಿಹೋಯಿತು.

"ಎರಡು ಚಳಿಗಾಲದಿಂದ ಕೆತ್ತೋದು ನೋರೀನ್," ಅಂದ. "ಅವನ ಕೈ ಹೋಗಿತ್ತು. ಗಾಲ್ವೆ ಆಸ್ಪತ್ರೆಗೆ ಹೋಗಿ ತೋರಿಸ್ಕೋ ಅಂದ್ರೆ, ಕೈಗೇನಾಗಿಲ್ಲ, ಈ ಸಲದ ಮರವೇ ಗಟ್ಟಿ ಅಂತಿದ್ದ. ಅವನು ಮಾಡಿದ್ದನ್ನ ಅವಳು ತೆಗೆದು ಒಲೆಗೆ ಹಾಕಿ, ತಾನು ಮಾಡಿದ್ದನ್ನ ಪೆಟ್ಟಿಗೆಗೆ ಹಾಕಿ ಶುಕ್ರವಾರ ತಂದುಕೊಡ್ತಿದ್ಲು. ಅವನಿಗೆ ಹೇಳ್ಬೇಡ ಟೈಗ್, ಅವನಿಗೆ ಉಳಿದಿರೋದು ಇದೊಂದೇ ಅಂತ ಕೈ ಮುಗಿದ್ಲು. ನಾನೇನು ಕಲ್ಲಾ? ಒಪ್ಕೊಂಡೆ. ಅವನ ಹೆಸರಿಗೆ ಜನ ಬರ್ತಾರೆ ಅನ್ನೋದೂ ಇತ್ತು, ಅದನ್ನ ಮುಚ್ಚಿಡೋದೇಕೆ."

"ಶನಿವಾರ?"

"ಅವನು ಅಂಗಡಿಗೆ ಬರೋನೇ ಅಲ್ಲ. ಅವತ್ತು ಪೇಟೆಗೆ ಯಾಕೋ ಬಂದಿದ್ದ. ಕಿಟಕಿ ಮುಂದೆ ನಿಂತ. ಅರ್ಧ ಗಂಟೆ ನಿಂತ. ಒಳಗೆ ಬಂದು ಹಾರ್ಪ್ ವಾದ್ಯ ಕೆತ್ತಿದ ಸ್ಟ್ಯಾಂಡೊಂದನ್ನ ಎತ್ಕೊಂಡು ಹೆಣಿಗೆ ಮೇಲೆ ಬೆರಳು ಓಡಿಸಿದ. ಇದು ಯಾರ ಕೈ ಅಂದ. ನಿನ್ನದೇ ಅಂದೆ. ಬಾಯಿ ಮುಚ್ಚು ಅಂದ. ಆಮೇಲೆ..." ಟೈಗ್ ಮೂಗು ಒರೆಸಿಕೊಂಡ. "ಚೆನ್ನಾಗಿದೆ, ನನಗಿಂತ ಚೆನ್ನಾಗಿದೆ ಅಂದ. ಅಡಿಯಲ್ಲಿರೋ ನನ್ನ ಹೆಸರು ಕೆರೆದು ಅವಳ ಹೆಸರು ಹಾಕು ಅಂತ ಕೂಗಾಡಿದ. ಹಬ್ಬದ ಹೊತ್ತಲ್ಲಿ ಆಗಲ್ಲ ಅಂತ ನಾನೂ ಕೂಗಾಡಿದೆ. ಹೋಗ್ತಾ ಬಾಗಿಲಲ್ಲಿ ತಿರುಗಿ ನಿಂತ. ನಾನು ನೋಡಿದೆ ಅಂತ ಅವಳಿಗೆ ಹೇಳ್ಬೇಡ ಅಂದ. ಇಬ್ಬರೂ ನನ್ನ ಬಾಯಿಗೇ ಬೀಗ ಹಾಕಿದ್ರು ಸಾರ್ಜೆಂಟರೇ. ನಾನು ಯಾರಿಗೆ ಅಂತ ಮಾತು ಉಳಿಸ್ಕೊಳ್ಳಲಿ?"

ಟೈಗ್ ಹೋದ ಮೇಲೆ ಫಿಂಟನ್ ಕಾರ್ಮಕ್‌ನ ಮೂರು ಕಾಲಿನ ಸ್ಟೂಲಿನ ಮೇಲೆ ಕುಳಿತ.

ಶನಿವಾರದಿಂದ ಬುಧವಾರದವರೆಗೆ ಹನ್ನೊಂದು ದಿನ. ಅಷ್ಟೂ ದಿನ ಕಾರ್ಮಕ್ ಇದೇ ಸ್ಟೂಲಿನ ಮೇಲೆ ಕುಳಿತು ಕೆತ್ತಿದ್ದ. ಕೆತ್ತಿದ್ದು ಒಲೆಗೆ ಹೋಗುತ್ತದೆ ಎಂದು ಗೊತ್ತಿದ್ದೂ ಕೆತ್ತಿದ್ದ. ಹೆಂಡತಿ ತನಗಾಗಿ ಆಡುವ ಸುಳ್ಳು ಬೀಳಬಾರದೆಂದು, ಜೀವಕ್ಕಿಂತ ಹೆಚ್ಚಾಗಿ ಕಾಪಾಡಿದ ಮರವನ್ನು ದಿನಕ್ಕೊಂದರಂತೆ ಬೆಂಕಿಗೆ ಕೊಟ್ಟಿದ್ದ. ಫಿಂಟನ್‌ಗೆ ಅಳು ಬಂತು. ಅರವತ್ತರ ಹತ್ತಿರದ ಪೊಲೀಸಿನವನು, ಬೂದಿಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

ಅಳು ನಿಂತ ಮೇಲೆ ಪೊಲೀಸಿನವನ ಬುದ್ಧಿ ಎದ್ದು ಕುಳಿತಿತು. ಕೈ ಹೋದ ಕುಶಲಕರ್ಮಿ. ಅದು ತನಗೇ ಗೊತ್ತಾದ ಶನಿವಾರ. ಹನ್ನೊಂದು ದಿನ ಬಾಯಿ ಬಿಗಿಹಿಡಿದ ನೋವು. ನೀರಿಗಿಳಿಯಲು ಬೇರೆ ಕಾರಣ ಬೇಕೆ? ಸೋಮವಾರದ ವರದಿ ತನ್ನಷ್ಟಕ್ಕೆ ತಾನೇ ಬರೆದುಕೊಳ್ಳುತ್ತಿತ್ತು. ಅದನ್ನು ಓದಿದ ದಿನ ನೋರೀನ್ ತನ್ನ ಪ್ರೀತಿಯೇ ಗಂಡನನ್ನು ಕೊಂದಿತೆಂದು ತಿಳಿಯುತ್ತಾಳೆ.

*

"ಕಣ್ಣು ಕೆಂಪಗಿದೆ. ಬೂದಿ ಹೋಯ್ತಾ?" ನೋರೀನ್ ಚಹಾ ಬಗ್ಗಿಸಿದಳು. "ನಿನಗೆ ಒಲೆ ಕೆದಕೋಕೆ ಯಾರು ಹೇಳಿದ್ರು? ಅಂಗಿ ನೋಡು, ಸೈವ್ ಬೈತಾಳೆ."

ಸೈವ್ ಅವನ ಒಬ್ಬಳೇ ಮಗಳು. ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ತಾಯಿಯಿಲ್ಲದ ಅವಳು ಅರ್ಧ ಬೆಳೆದದ್ದು ಈ ಅಡುಗೆಮನೆಯಲ್ಲೇ. ಮಕ್ಕಳಿಲ್ಲದ ನೋರೀನ್, ಕಾರ್ಮಕ್ ಇಬ್ಬರೂ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದರು.

"ಮಣ್ಣು ಮಾಡಿದ ಮೇಲೆ ಅವಳು ಈ ಕಡೆ ತಲೆ ಹಾಕಿಲ್ಲ," ಅಂದಳು ನೋರೀನ್. "ಬೇಜಾರಿಲ್ಲ. ಈ ಮನೆಗೆ ಬರೋದು ನನಗೇ ಕಷ್ಟ ಆಗ್ತಿದೆ."

ಫಿಂಟನ್ ಮೊದಲ ಸಲ ಅವಳ ಕೈಗಳನ್ನು ನೋಡಿದ. ಮೂವತ್ತು ವರ್ಷ ಈ ಮೇಜಿನಲ್ಲಿ ಭಾನುವಾರದ ಊಟ ಮಾಡಿದ್ದ, ನೋಡಿರಲಿಲ್ಲ. ಬಲಗೈ ತೋರುಬೆರಳಿನ ಬದಿ ಚಕ್ಕಳದಂತೆ ದಪ್ಪಗಾಗಿತ್ತು. ಎಡಗೈ ಹೆಬ್ಬೆರಳಲ್ಲಿ ಹಳೆಯ ಗಾಯದ ಮೂರು ಗೆರೆ.

ಜೇಬಿನಿಂದ ಸುಟ್ಟ ತುಂಡನ್ನು ತೆಗೆದು ಸಕ್ಕರೆ ಬಟ್ಟಲಿನ ಪಕ್ಕದಲ್ಲಿಟ್ಟ.

ನೋರೀನ್ ಬೆಚ್ಚಲಿಲ್ಲ. ಪಾತ್ರೆ ಒರೆಸುವ ಬಟ್ಟೆ ತೆಗೆದು ಅದರ ಮೇಲೆ ಮೆಲ್ಲಗೆ ಹೊದಿಸಿದಳು. ಮಲಗಿದ ಮಗುವಿಗೆ ಹೊದಿಸುವ ಹಾಗಿತ್ತು.

"ಟೈಗ್ ಹೇಳಿದ್ನಾ?"

"ನಾನೇ ಹೇಳಿಸಿದೆ."

"ಪೂರ್ತಿ ಸುಡದೇ ಉಳಿದಿದ್ದು ಇದೊಂದೇ ಇರ್ಬೇಕು. ಕರಿ ಓಕ್ ಬೇಗ ಉರಿಯಲ್ಲ ಫಿಂಟನ್. ಹೊಗೆ ಬರುತ್ತೆ. ಗಂಟಲಲ್ಲಿ ಕೂರುತ್ತೆ." ಅವಳು ಕುಳಿತಳು. "ಅವನು ಮಧ್ಯಾಹ್ನ ಊಟ ಮಾಡಿ ಮಲಗ್ತಿದ್ದ, ಎರಡು ಗಂಟೆ. ಅಷ್ಟರಲ್ಲಿ ಹಿಂದಿನ ಬಟ್ಟೆ ಒಗೆಯೋ ಕೋಣೇಲಿ ಕೂತು ಕೆತ್ತುತಿದ್ದೆ. ಕಲಿಸೋರು ಯಾರೂ ಬೇಕಾಗ್ಲಿಲ್ಲ. ಮದುವೆ ಆದಾಗಿಂದ ಅವನು ಕೆತ್ತಿದ್ದಕ್ಕೆ ಮೇಣ ತಿಕ್ಕಿದೋಳು ನಾನೇ. ಅವನ ಗೆರೆ ನನ್ನ ಬೆರಳಿಗೆ ಬಾಯಿಪಾಠ."

"ಅವನಿಗೆ ಹೇಳಬಹುದಿತ್ತಲ್ಲ?"

"ಏನಂತ? ನೀನು ಮುಗಿದೆ, ಏಳು ಅಂತ ಹೇಳ್ಲಾ?" ಅವಳ ದನಿ ಮೊದಲ ಬಾರಿಗೆ ಹರಿತವಾಯಿತು. "ಪ್ರತಿ ಶುಕ್ರವಾರ ಕೇಳ್ತಿದ್ದ, ಟೈಗ್ ಏನಂದ ಅಂತ. ತುಂಬ ಮೆಚ್ಚಿದ ಅಂತಿದ್ದೆ. ಆಗ ಅವನ ಮುಖ ನೀನು ನೋಡ್ಬೇಕಿತ್ತು. ಆ ಮುಖಕ್ಕೆ ನಾನು ಇನ್ನೂ ನೂರು ಸುಳ್ಳು ಹೇಳ್ತಿದ್ದೆ."

ಫಿಂಟನ್ ಚಹಾದ ಲೋಟವನ್ನು ಸುಮ್ಮನೆ ತಿರುಗಿಸಿದ.

"ಒಂದು ಸಮಾಧಾನ ಇದೆ," ಅಂದಳು ನೋರೀನ್. "ಅವನಿಗೆ ಗೊತ್ತಾಗ್ಲಿಲ್ಲ. ಕೊನೇ ದಿನದವರೆಗೂ ತಾನೇ ಕೆತ್ತುತಿದೀನಿ ಅಂತ ಇದ್ದ. ಅಷ್ಟಾದ್ರೂ ನಾನು ಅವನಿಗೆ ಮಾಡಿದೆ. ಮಾಡಿದೆ ತಾನೇ ಫಿಂಟನ್?"

ಮೂವತ್ತೆಂಟು ವರ್ಷ ಊರಿನವರ ಸುಳ್ಳು ಹಿಡಿದವನು ಅವಳ ಕಣ್ಣು ತಪ್ಪಿಸಿ ತಲೆಯಾಡಿಸಿದ.

"ಮಾಡಿದೆ," ಅಂದ.

ಅವಳಿಗೆ ಅಷ್ಟೇ ಬೇಕಿತ್ತು. ಎದ್ದು ಒಳಗೆ ಹೋದಳು. ಬರುವಾಗ ಗೋಣಿಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು.

"ಇದು ನಿನ್ನದು. ಠಾಣೆ ಹುಡುಗರು ನಿನ್ನ ಬೀಳ್ಕೊಡುಗೆಗೆ ಅಂತ ಹೇಳಿದ್ದು. ನೀನು ನೋಡಬಾರದು ಅಂತ ಮಂಚದ ಕೆಳಗೆ ಇಟ್ಟಿದ್ದ, ನನಗೂ ತೋರಿಸ್ತಿರ್ಲಿಲ್ಲ. ಬುಧವಾರ ಮಧ್ಯಾಹ್ನ ತೆಗೆದು ಬದಲಾಯಿಸೋಣ ಅಂತಿದ್ದೆ. ಬುಧವಾರ ಅವನೇ ಬರ್ಲಿಲ್ಲ. ಆಮೇಲೆ ಬಿಚ್ಚೋಕೆ ಧೈರ್ಯ ಬರ್ಲಿಲ್ಲ. ಕೈ ನಡುಗಿದ್ರೂ ಪರವಾಗಿಲ್ಲ, ಇದೊಂದು ಅವನದ್ದೇ ಇರಲಿ. ನೀನು ನಗಲ್ಲ ಅಂತ ಗೊತ್ತು."

ದಾರ ಬಿಚ್ಚಿದಳು. ಗೋಣಿ ಸರಿಸಿದಳು.

ಮೇಜಿನ ಮೇಲಿಡುವ ಪೆನ್ ಸ್ಟ್ಯಾಂಡು. ಕಪ್ಪಗೆ ಮಿನುಗುವ ಓಕು. ನಡುವೆ ಹಾರ್ಪು, ಅದರ ತಂತಿಗಳು ಕೂದಲೆಳೆಯಷ್ಟು ತೆಳ್ಳಗೆ. ಬುಡದಲ್ಲಿ ಮೂರೆಲೆಯ ಶ್ಯಾಮ್ರಾಕ್, ಅದರಡಿ ಫಿಂಟನ್‌ನ ಹೆಸರು. ಸುತ್ತ ಹೆಣಿಗೆ. ಕಲ್ಲಿನ ಅಡಿ ಒಂದೇ ಬಾಕಿ.

ಒಂದು ಗೆರೆಯೂ ನಡುಗಿರಲಿಲ್ಲ.

ನೋರೀನ್ ಬಾಯಿಗೆ ಕೈ ಅಡ್ಡ ಹಿಡಿದಳು.

"ಫಿಂಟನ್! ನೋಡು, ನೋಡಿಲ್ಲಿ! ಕೈ ನಿಂತಿದೆ!" ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. "ನಿನಗೋಸ್ಕರ ಕೈ ನಿಲ್ಲಿಸ್ಕೊಂಡಿದಾನೆ ಕಣೋ! ಕೊನೇದು ಅವನೇ ಮಾಡಿದ. ಅವನೇ! ಹೀಗೆ ಕೆತ್ತಿದೋನು ಮಾರನೇ ದಿನ ಯಾಕೆ ಸಾಯ್ತಾನೆ ಹೇಳು? ಅವನು ಜಾರಿದ. ಜಾರಿದ ಅಂತ ಬರಿ!"

ಮೂರು ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ಫಿಂಟನ್ ಆ ನಗುವನ್ನು ಉಳಿಯಲು ಬಿಟ್ಟ. ಅವನ ಕಣ್ಣು ಮಾತ್ರ ಹಾರ್ಪಿನ ಎಡಬದಿಯ ಒಂದು ಜಾಗದಲ್ಲಿ ನೆಟ್ಟಿತ್ತು. ಅವಳು ನೋಡದಿರಲಿ ಎಂದು ಅವನು ಸ್ಟ್ಯಾಂಡನ್ನು ತನ್ನ ಕಡೆಗೆ ಎಳೆದುಕೊಳ್ಳಲು ಹೋದ.

ಆದರೆ ನೋರೀನ್‌ಳ ಬೆರಳು ಆಗಲೇ ಹೆಣಿಗೆಯ ಮೇಲೆ ನಡೆಯತೊಡಗಿತ್ತು. ಮೇಲೆ, ಕೆಳಗೆ. ಮೇಲೆ, ಕೆಳಗೆ. ಮುದ್ದು ಮಾಡುವ ಹಾಗೆ. ಎಡಬದಿಗೆ ಬಂದು ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಬಂತು.

ಮೇಲೆ. ಮೇಲೆ.

ನಗು ಅವಳ ಮುಖದಿಂದ ಒಮ್ಮೆಗೇ ಹೋಗಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ಇಲ್ಲ," ಅಂದಳು. "ಇದು ಅವನಲ್ಲ. ನಿದ್ದೇಲಿ ಕೆತ್ತಿದ್ರೂ ಅವನು ಹೀಗೆ ಮಾಡಲ್ಲ. ಜ್ವರ ಬಂದಾಗಲೂ ಮಾಡಿಲ್ಲ."

"ನೀನು?"

"ನಾನು ಇದನ್ನ ಮುಟ್ಟೇ ಇಲ್ಲ ಅಂದ್ನಲ್ಲ! ನಾನು ಇಂಥ ತಪ್ಪು ಮಾಡಿದ್ರೆ ಕೈ ಕಡ್ಕೋತೀನಿ." ಅವಳು ತುಂಡನ್ನು ಬೆಳಕಿಗೆ ತಿರುಗಿಸಿದಳು. ಈಗ ನೋಡುತ್ತಿದ್ದದ್ದು ವಿಧವೆಯಲ್ಲ, ಕೆಲಸಗಾರ್ತಿ. "ಉಳಿ ಅವನದ್ದೇ, ಸಣ್ಣ ಬಾಯಿಯದು. ಚಿತ್ರ ಬರೆದಿದ್ದೂ ಅವನೇ. ಒತ್ತಿರೋ ಕೈ ಬೇರೆ. ಬಲ ಇದೆ, ಸ್ಥಿರವಾಗಿದೆ, ಹೆಣಿಗೆ ರಕ್ತದಲ್ಲಿಲ್ಲ. ಹೊಸಬರ ಕೈ. ಅವನು ಪಕ್ಕದಲ್ಲಿ ಕೂತು ಹೇಳಿಕೊಟ್ಟಿದಾನೆ. ಈ ಜಾಗ ಬರುವಾಗ ಅವನು ಎದ್ದು ಹೋಗಿರ್ಬೇಕು, ಇಲ್ಲಾಂದ್ರೆ..."

ಅವಳು ಸ್ಟ್ಯಾಂಡನ್ನು ಮೇಜಿನ ಮೇಲೆ ಇಳಿಸಿದಳು. 

"ತನ್ನ ಉಳಿಯನ್ನ ಇನ್ನೊಬ್ಬರ ಕೈಗೆ ಕೊಟ್ಟ," ಅಂದಳು. "ಯಾಕೆ ಕೊಟ್ಟ? ತನ್ನ ಕೈ ಆಗಲ್ಲ ಅಂತ ಗೊತ್ತಿದ್ರೆ ಮಾತ್ರ ಕೊಡ್ತಾನೆ." ಅವಳು ಫಿಂಟನ್‌ನ ಮುಖ ನೋಡಿದಳು. ಅವನು ಮುಖ ಅಡಗಿಸುವಷ್ಟರಲ್ಲಿ ಓದಿಬಿಟ್ಟಳು. "ಅವನಿಗೆ ಗೊತ್ತಿತ್ತು."

"ನೋರೀನ್..."

"ನಿನಗೂ ಗೊತ್ತಿತ್ತು. ಈಗ ತಾನೇ ತಲೆ ಆಡಿಸಿದೆಯಲ್ಲೋ, ಪಾಪಿ."

"ಟೈಗ್‌ನ ಅಂಗಡೀಲಿ ನೋಡಿದ್ದ. ನನಗಿಂತ ಚೆನ್ನಾಗಿದೆ ಅಂದನಂತೆ. ನಿನ್ನ ಹೆಸರು ಹಾಕು ಅಂತ ಜಗಳ ಆಡಿದ. ನಿನಗೆ ಹೇಳ್ಬೇಡ ಅಂದ."

ನೋರೀನ್ ಕೂಗಲಿಲ್ಲ. ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಕ್ಕೆ ಬಾಗಿದಳು.

"ದಿನಾ ಮಧ್ಯಾಹ್ನ ಅವನು ಮಲಗ್ತಿರ್ಲಿಲ್ಲ," ಅಂದಳು. "ಕಣ್ಣು ಮು‍ಚ್ಕೊಂಡು ನಾನು ಕೆತ್ತೋ ಸದ್ದು ಕೇಳ್ತಿದ್ದ. ಒಲೆಗೆ ಹಾಕೋ ಸದ್ದೂ ಕೇಳ್ತಿದ್ದ. ನಾನು ಅವನನ್ನ ದಿನಾ ಸುಟ್ಟೆ ಫಿಂಟನ್. ಅವನು ಹೋಗದೆ ಇನ್ನೇನು ಮಾಡ್ತಾನೆ?"

"ಹೋಗೋನು ಇನ್ನೊಬ್ಬರಿಗೆ ಪಾಠ ಹೇಳ್ಕೊಡ್ತಾ ಕೂರ್ತಾನಾ?" ಫಿಂಟನ್ ಅವಳ ಕೈ ಹಿಡಿದ. ಈ ಮಾತು ಸಮಾಧಾನಕ್ಕೆ ಬಾಯಿಗೆ ಬಂದದ್ದಾದರೂ ಹೇಳುತ್ತಿದ್ದಂತೆ ನಿಜವೆನಿಸಿತು. "ಕೇಳು. ಬುಧವಾರ ಬೆಳಿಗ್ಗೆ. ಅವನು ಹೊರಟಿದ್ದು ಹೇಗೆ? ಒಂದೊಂದೂ ಹೇಳು."

"ಎಷ್ಟು ಸಲ ಹೇಳ್ಲಿ? ಕಲ್ಲು ನೋಡ್ಕೊಂಡು ಬರ್ತೀನಿ ಅಂದ. ಬುತ್ತಿ ಕಟ್ಟಿಸ್ಕೊಂಡ."

"ಏನು ಕಟ್ಟಿದೆ?"

"ಸೋಡಾ ಬ್ರೆಡ್ಡು, ಹ್ಯಾಮು. ನಾಲ್ಕು ತುಂಡು ಇಟ್ಟೆ. ಇನ್ನೂ ನಾಲ್ಕು ಹಾಕು ಅಂದ. ಹಸಿವು ವಾಪಸ್ ಬಂತಲ್ಲ ಅಂತ ನನಗೆಷ್ಟು ಖುಷಿಯಾಯ್ತು ಗೊತ್ತಾ. ಎರಡು ಲೋಟ ತಗೊಂಡ. ಒಂದು ಒಡೆದುಹೋದ್ರೆ ಅಂತ..." ಅವಳು ತಾನೇ ಹೇಳಿದ್ದನ್ನು ತಾನೇ ಕೇಳಿಸಿಕೊಂಡಳು.

ಕ್ವಾರಿಯ ದಂಡೆಯಲ್ಲಿ ಸಿಕ್ಕಿದ್ದರ ಪಟ್ಟಿಯನ್ನು ಬರೆದವನು ಫಿಂಟನ್ನೇ. ಫ್ಲಾಸ್ಕು ಒಂದು, ಖಾಲಿ ಬುತ್ತಿ ಡಬ್ಬಿ ಒಂದು, ಲೋಟ ಒಂದು. ಎಂಟು ತುಂಡು ಬ್ರೆಡ್ಡು ತಿಂದು ಮುಗಿದಿತ್ತು. ಇಬ್ಬರು ಅಲ್ಲಿ ಕೂತು ಊಟ ಮಾಡಿದ್ದರು. ಒಬ್ಬರು ಎದ್ದು ಬಂದಿದ್ದರು.

"ಮೂರು ವಾರ," ಅಂದಳು ನೋರೀನ್. "ಅವನ ಕೊನೇ ಮಾತು ಕೇಳಿದೋರು ಯಾರೋ ಈ ಊರಲ್ಲಿದ್ದಾರೆ. ಮೂರು ವಾರದಿಂದ ಬಾಯಿ ಬಿಟ್ಟಿಲ್ಲ. ಇಡೀ ಊರು ಸಾಲಾಗಿ ಬಂದು ಈ ಕೈ ಕುಲುಕಿ, ನಿನ್ನ ದುಃಖಕ್ಕೆ ದುಃಖಪಡ್ತೀನಿ ಅಂತ ಹೇಳಿ ಹೋಯ್ತು. ಅವರೂ ಕುಲುಕಿರ್ಬೇಕು."

ಅವಳು ತನ್ನ ಬಲಗೈಯನ್ನು ಮುಂದೆ ಚಾಚಿ ಅಂಗೈ ನೋಡಿಕೊಂಡಳು. ಅಲ್ಲೇನೋ ಬರೆದಿದ್ದಂತೆ ಬಹಳ ಹೊತ್ತು ನೋಡಿದಳು. ಆಮೇಲೆ ಕೈಯನ್ನು ಥಟ್ಟನೆ ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಏನು?" ಅಂದ ಫಿಂಟನ್.

"ಏನಿಲ್ಲ. ನೀನು ಹೋಗು. ಜಾರಿದ ಅಂತ ಬರಿ. ನನಗೆ ಅಷ್ಟು ಸಾಕು."

"ನೋರೀನ್, ಏನು ನೆನಪಾಯ್ತು?"

"ಬೇಡ ಅಂದೆ."

"ಜಾರಿದನೋ ಬಿಟ್ಟು ಹೋದನೋ ಅಂತ ಕೇಳಿದೋಳು ನೀನು. ಈಗ ಗೊತ್ತಾಗೋ ಹೊತ್ತಿಗೆ ಬೇಡ ಅಂತೀಯಾ?"

ಅವಳು ಅವನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಫಿಂಟನ್‌ಗೆ ಅದೇ ಮೊದಲು ಹೆದರಿಕೆಯಾಯಿತು.

"ಉಳಿ ಹೊಸದಾಗಿ ಹಿಡಿದೋರಿಗೆ ಇಲ್ಲಿ ಗುಳ್ಳೆ ಏಳುತ್ತೆ," ಅಂದಳು, ಬಲ ಅಂಗೈಯ ನಡುವನ್ನು ಮುಟ್ಟಿ ತೋರಿಸುತ್ತ. "ಹಿಡಿ ಒತ್ತೋ ಜಾಗ. ಬೇರೆ ಯಾವ ಕೆಲಸಕ್ಕೂ ಅಲ್ಲಿ ಏಳಲ್ಲ. ನನಗೂ ಮೊದಲ ಚಳಿಗಾಲ ಎದ್ದಿತ್ತು. ಅವತ್ತು ಕೈ ಕುಲುಕಿದೋರಲ್ಲಿ ಒಬ್ಬರಿಗೆ ಅಲ್ಲಿ ಗುಳ್ಳೆ ಒಡೆದು ಹಸಿಯಾಗಿತ್ತು. ನಾನು ಕೈ ಬಿಡದೆ ಏನಿದು ಅಂದೆ. ತೋಟ ಅಗೆದೆ ಅಂದ್ಲು. ಫೆಬ್ರವರೀಲಿ ಯಾರು ತೋಟ ಅಗೀತಾರೆ ಅಂತ ಆಗ ಹೊಳೀಲಿಲ್ಲ. ಅವಳು ಎಷ್ಟು ಅಳ್ತಿದ್ಲು ಅಂದ್ರೆ, ಸತ್ತಿದ್ದು ನನ್ನ ಗಂಡನೋ ಅವಳ ಅಪ್ಪನೋ ಅನ್ನೋ ಹಾಗೆ."

"ಯಾರು?"

ನೋರೀನ್ ಪೆನ್ ಸ್ಟ್ಯಾಂಡಿನ ಬುಡದಲ್ಲಿ ಕೆತ್ತಿದ್ದ ಫಿಂಟನ್‌ನ ಹೆಸರಿನ ಮೇಲೆ ಬೆರಳಿಟ್ಟಳು.

"ನಿನಗೆ ತನ್ನ ಕೈಯಾರೆ ಮಾಡಿಕೊಡ್ಬೇಕು ಅಂತ ಆಸೆ ಇರೋರು ಈ ಊರಲ್ಲಿ ಎಷ್ಟು ಜನ ಇದಾರೆ ಫಿಂಟನ್?"

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

ಆ ಬುಧವಾರ ಶಾಲೆಗೆ ರಜೆಯಿತ್ತು. ಸೈವ್ ಬೆಳಿಗ್ಗೆಯೇ ಎಲ್ಲಿಗೋ ಹೋಗಿದ್ದಳು. ಸಂಜೆ ಅವನು ಕ್ವಾರಿಯಿಂದ ಬಂದು ಕಾರ್ಮಕ್ ಸತ್ತ ಎಂದಾಗ ಅವಳು ಯಾವಾಗ, ಹೇಗೆ ಎಂದು ಕೇಳಿರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ದುಃಖ ಎಂದುಕೊಂಡಿದ್ದ. ಇಡೀ ಊರಿನ ಹೇಳಿಕೆ ಬರೆದುಕೊಂಡವನು ತನ್ನ ಮನೆಯಲ್ಲಿ ಒಂದೂ ಪ್ರಶ್ನೆ ಕೇಳಿರಲಿಲ್ಲ.

ಫೋನ್ ತೆಗೆದು ಶಾಲೆಗೆ ಮಾಡಿದ. ಮುಖ್ಯೋಪಾಧ್ಯಾಯಿನಿ ಎತ್ತಿಕೊಂಡಳು.

"ಸೈವ್‌ನ ಕರೀತೀರಾ? ಒಂದು ನಿಮಿಷದ ಕೆಲಸ."

"ಸೈವ್‌ನಾ?" ಆ ಕಡೆಯ ದನಿ ತೊದಲಿತು. "ಅವಳು ಸೋಮವಾರದಿಂದ ಬಂದಿಲ್ಲವಲ್ಲ ಸಾರ್ಜೆಂಟರೇ. ಜ್ವರ, ಅಪ್ಪ ನೋಡ್ಕೋತಿದಾರೆ ಅಂದ್ಲು. ಈಗ ಹೇಗಿದೆ?"

ಇವತ್ತು ಶುಕ್ರವಾರ. ಬೆಳಿಗ್ಗೆ ಎಂಟೂವರೆಗೆ ಅವಳು ಶಾಲೆಯ ಚೀಲ ಹೆಗಲಿಗೇರಿಸಿ, ಅವನ ತಲೆಯ ಮೇಲೆ ಮುತ್ತಿಟ್ಟು ಹೊರಟಿದ್ದಳು. ಸೋಮವಾರದಿಂದ ಐದು ದಿನವೂ ಹಾಗೆಯೇ.

ಫಿಂಟನ್ ಫೋನ್ ಇಟ್ಟ. ಏನಾಯಿತೆಂದು ನೋರೀನ್ ಕೇಳಲಿಲ್ಲ. ಅವಳು ಆಗಲೇ ಗೂಟದಿಂದ ಗಂಡನ ದಪ್ಪ ಕೋಟು ತೆಗೆದು ತೋಳು ತೂರಿಸಿಕೊಳ್ಳುತ್ತಿದ್ದಳು.

"ಗಾಡಿ ತೆಗಿ," ಅಂದಳು. "ಕ್ವಾರಿಗೆ. ಅಲ್ಲಿ ಏನಾಯ್ತು ಅಂತ ಅವಳನ್ನ ಆಮೇಲೆ ಕೇಳೋಣ. ಆ ನೀರಿಗೆ ನಾನು ಇನ್ನೊಬ್ಬರನ್ನ ಕೊಡಲ್ಲ."